ಪೊರ್ಬುಗಳು ಬಡಿದು ಆರಿಸಿದ ಪೆಟ್ಟಿಗೆ

ಕಳೆದ ತಿಂಗಳು ಪೊರ್ಬುಗಳು ತೀರಿಕೊಂಡಾಗ ಅಂಗಳದಲ್ಲಿ ಸೇರಿದ ಜನ ಏನೇನು ಮಾತಾಡಿದರು ಎಂಬುದನ್ನೆಲ್ಲ ನಾನು ಗಮನವಿಟ್ಟು ಕೇಳಿದೆ. ಸಾಧು ಮನುಷ್ಯ, ಇರುವೆಗೂ ನೋವು ಮಾಡಿದವರಲ್ಲ, ಇಂಥವರು ಇನ್ನು ಹುಟ್ಟುವುದಿಲ್ಲ ಎಂದರು. ಎಲ್ಲ ನಿಜವೇ. ಆದರೆ ಅವರ ಮನೆಯ ಮಾಳಿಗೆಯಲ್ಲಿ ಹನ್ನೆರಡು ವರ್ಷ ಬಾಡಿಗೆಗಿದ್ದವನು ನಾನು. ಇಷ್ಟು ತಲೆ ತಿನ್ನುವ ಮನುಷ್ಯ ಕೊಡಿಯಾಲ್‌ಬೈಲಿನಲ್ಲಿ ಇನ್ನೊಬ್ಬರಿರಲಿಲ್ಲ ಎಂದು ಒಬ್ಬರಾದರೂ ಹೇಳಬೇಕಿತ್ತಲ್ಲ! ಯಾರೂ ಹೇಳಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬ ನಿಯಮ ಮಾಡಿದವರು ಯಾರೂ ಪೊರ್ಬುಗಳ ಮಾಳಿಗೆಯಲ್ಲಿ ಸಂಸಾರ ಮಾಡಿದವರಲ್ಲ.

ನಮ್ಮ ಕಡೆ ಕೊಂಕಣಿ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಪೊರ್ಬುಗಳು ಎಂದು ಕರೆಯುತ್ತೇವೆ. ಅವರ ಹೆಂಡತಿ ನಮಗೆ ಬಾಯಮ್ಮ. ಮದ್ರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತರಲ್ಲಿ, ಆಗಷ್ಟೇ ಮದುವೆಯಾದ ನಾನು ಹೆಂಡತಿಯನ್ನು ಕರಕೊಂಡು ಆ ಮಾಳಿಗೆಗೆ ಬಂದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟರು. ನಮ್ಮ ಮನೆಮಾತು ತುಳು, ಅವರದು ಕೊಂಕಣಿ. ಅವರಿಗೆ ತುಳು ನೀರು ಕುಡಿದಷ್ಟು ಸುಲಭ. ಆದರೂ ಮಾಸ್ಟರ ಹತ್ತಿರ ಕನ್ನಡವನ್ನೇ ಆಡಬೇಕೆಂಬುದು ಅವರ ಹಟ. ಹಾಗಾಗಿ ಹನ್ನೆರಡು ವರ್ಷ ನಮ್ಮ ಜಗಳಗಳೆಲ್ಲ ಕನ್ನಡದಲ್ಲೇ ನಡೆದವು.

ಅವರ ಕೆಲಸ ನದಿಯ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ. ಸುಟ್ಟು ಹೊರಗೆ ಬಂದ ಹಂಚುಗಳನ್ನು ಒಂದೊಂದಾಗಿ ಎತ್ತಿ, ನಡುಬೆರಳಿನ ಗೆಣ್ಣಿನಿಂದ ಬಡಿದು, ಒಳ್ಳೆಯದನ್ನು ಒಂದು ಕಡೆ, ಬಿರುಕು ಬಿಟ್ಟದ್ದನ್ನು ಇನ್ನೊಂದು ಕಡೆ ಇಡುವುದು. ಸರಿಯಾಗಿ ಬೆಂದ ಹಂಚು ಬಡಿದರೆ ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಆ ನಾದ ಬರುವುದಿಲ್ಲ. ಕಣ್ಣಿಗೆ ಕಾಣದ ಬಿರುಕು ಪೊರ್ಬುಗಳ ಕಿವಿಗೆ ಕೇಳುತ್ತದೆ ಎಂದು ಊರೆಲ್ಲ ಹೆಸರು. ಮೂವತ್ತು ವರ್ಷ ಅವರು ಮಾಡಿದ್ದು ಇದೊಂದೇ ಕೆಲಸ. ‘ಬಿರುಕಿನ ಹಂಚು ಮೊದಲನೇ ಮಳೆಗಾಲ ಸುಮ್ಮನೆ ಕೂತ್ಕೊಳ್ತದೆ ಮಾಸ್ಟ್ರೇ, ಎರಡನೇ ಮಳೆಗಾಲಕ್ಕೆ ಮನೆಯವರ ತಲೆ ಮೇಲೆ ಸತ್ಯ ಹೇಳ್ತದೆ’ ಎನ್ನುತ್ತಿದ್ದರು. ಗೆಣ್ಣಿನ ಮೇಲೆ ಹುಣಿಸೆ ಬೀಜದಷ್ಟು ದೊಡ್ಡ ಜಡ್ಡು ಕಟ್ಟಿತ್ತು.

ಕಾರ್ಖಾನೆಯಲ್ಲಿ ಬಡಿದದ್ದು ಸಾಲದು ಎಂಬಂತೆ ಈ ಮನುಷ್ಯ ಊರಲ್ಲಿಯೂ ಕಂಡದ್ದನ್ನೆಲ್ಲ ಬಡಿಯುತ್ತಿದ್ದರು. ತೆಂಗಿನಕಾಯಿ, ಹಲಸಿನಹಣ್ಣು ಎಲ್ಲರೂ ಬಡಿದು ನೋಡುವಂಥದೇ, ಅದು ಹೋಗಲಿ. ನನ್ನ ಮಾವ ಕೊಟ್ಟ ಹಿತ್ತಾಳೆಯ ಕೊಡವನ್ನು ಮೆಟ್ಟಿಲಿನಲ್ಲೇ ತಡೆದು ಬಡಿದರು; ‘ಇಲ್ಲ’ ಎಂದರು. ಮಾವ ಎದುರಿಗೇ ನಿಂತಿದ್ದರು. ನಾನು ತರಿಸಿದ ಹೊಸ ಮೇಜಿಗೆ ಎರಡು ಪೆಟ್ಟು, ಇಲ್ಲ. ಸ್ಕೂಲಿನ ವಾರ್ಷಿಕೋತ್ಸವಕ್ಕೆ ಕರೆದರೆ ವೇದಿಕೆಯ ಹಲಗೆ ಬಡಿದು ನೋಡಿ, ಹೆಡ್‌ಮಾಸ್ಟರನ್ನು ಹತ್ತದ ಹಾಗೆ ತಡೆದರು. ನಾವು ಮೀನು ಹಿಡಿಯುವ ಮನೆತನದವರು. ಕಿವಿರು ಎತ್ತಿ ನೋಡಿ ಮೀನು ಕೊಳ್ಳುತ್ತೇವೆ. ಪೊರ್ಬುಗಳು ಅಂಜಲ್ ಮೀನನ್ನೂ ಬಡಿದು ಕೊಳ್ಳುತ್ತಾರೋ ಏನೋ ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಬಡಿದ ಮೇಲೆ ಅವರು ಹೇಳುವ ಮಾತು ಮೂರೇ. ‘ಉಂಟು’ ಎಂದರೆ ವಸ್ತು ಒಳ್ಳೆಯದು. ‘ಇಲ್ಲ’ ಎಂದರೆ ಬಿಸಾಡಬೇಕು. ಮೂರನೆಯದು ‘ನೋಡುವ’. ಈ ನೋಡುವ ಎಂಬುದು ನನ್ನ ರಕ್ತ ಕುಡಿದಷ್ಟು ಬೇರಾವುದೂ ಕುಡಿದಿಲ್ಲ. ಮನೆಗೆ ಸುಣ್ಣ ಹೊಡೆಸೋಣವೇ ಎಂದರೆ ನೋಡುವ. ಬಾವಿಗೆ ರಾಟೆ ಹಾಕಿಸಿ ಎಂದರೆ ನೋಡುವ. ನೋಡುತ್ತಲೇ ನಾಲ್ಕು ವರ್ಷ ನನ್ನ ಹೆಂಡತಿ ಕೈಯಲ್ಲಿ ನೀರು ಸೇದಿದಳು.

ಇಂಥವರನ್ನು ನಾನಾಗಿ ನನ್ನ ಸಂಗೀತದ ವಿಷಯಕ್ಕೆ ಕರೆದುಕೊಂಡೆನಲ್ಲ, ತಪ್ಪು ನನ್ನದೇ.

ಅದು ಅರುವತ್ತರ ಇಸವಿ ದಾಟಿದ ಮೇಲಿನ ಮಾತು. ಮುಂಬಯಿಯಲ್ಲಿರುವ ನನ್ನ ಭಾವ ಹೈ-ಫೈ ಎಂಬ ಹುಚ್ಚನ್ನು ನನಗೂ ಹತ್ತಿಸಿದ. ಅವನು ಕಳಿಸಿದ ಹಳೆಯ ಇಂಗ್ಲಿಷು ಮಾಸಪತ್ರಿಕೆಗಳನ್ನು ಓದಿ ಓದಿ ನಾನು ರೆಕಾರ್ಡು ತಿರುಗಿಸುವ ಯಂತ್ರ ತಂದೆ. ನಮ್ಮ ಬೀದಿಯ ರೇಡಿಯೋ ರಿಪೇರಿಯವರು ಆಂಪ್ಲಿಫಯರ್ ಕಟ್ಟಿಕೊಟ್ಟರು. ಇನ್ನು ಬೇಕಾದದ್ದು ಒಂದು ಜೋಡಿ ಸ್ಪೀಕರು. ರೇಡಿಯೋ, ಸ್ಪೀಕರು ಎಲ್ಲ ಒಂದೇ ಕಪಾಟಿನಲ್ಲಿರುವ ದೊಡ್ಡ ರೇಡಿಯೋಗ್ರಾಮಿನಂಥದ್ದು ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಹತ್ತಿದರೂ ಅದನ್ನು ಇಟ್ಟ ಮೇಲೆ ನಾವು ಮಲಗಲು ಬಸ್ ಸ್ಟ್ಯಾಂಡಿಗೆ ಹೋಗಬೇಕು. ಹೆಂಡತಿಯ ಶರತ್ತು ಸ್ಪಷ್ಟವಾಗಿತ್ತು: ಪುಸ್ತಕದ ಕಪಾಟಿನ ಒಂದು ಖಾನೆ ಬಿಟ್ಟುಕೊಡುತ್ತೇನೆ, ಅದರಲ್ಲಿ ಹಿಡಿಸುವಂಥದ್ದು ತನ್ನಿ, ಒಂದು ಅಂಗುಲ ಮುಂದೆ ಬಂದರೂ ಕೆಳಗಿಡುತ್ತೇನೆ.

ಹಂಪನಕಟ್ಟೆಯ ರೇಡಿಯೋ ಅಂಗಡಿಯವರ ಮಗ ನನ್ನ ವಿದ್ಯಾರ್ಥಿ. ಆ ದಾಕ್ಷಿಣ್ಯಕ್ಕೆ ಅವರು ಎರಡು ಜೊತೆ ಪುಟ್ಟ ಸ್ಪೀಕರ್ ಪೆಟ್ಟಿಗೆಗಳನ್ನು ಹದಿನೈದು ದಿನಕ್ಕೆ ಮನೆಗೆ ಕೊಟ್ಟರು. ಕೇಳಿ ನೋಡಿ, ಒಂದನ್ನು ಇಟ್ಟುಕೊಳ್ಳಿ, ಇನ್ನೊಂದಕ್ಕೆ ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದರು. ಒಂದು ಜೊತೆ ಘಟ್ಟದ ಮೇಲಿನ ಕಾಫಿ ತೋಟದ ಇಂಗ್ಲಿಷು ದೊರೆ ತನ್ನ ಊರಿಗೆ ಮರಳುವಾಗ ಮಾರಿ ಹೋದದ್ದು. ದಪ್ಪ ಹಲಗೆ, ಒಳಗೆಲ್ಲ ಉಣ್ಣೆ ತುಂಬಿ, ಕಲ್ಲಿನಷ್ಟು ಭಾರ. ಇನ್ನೊಂದಕ್ಕೆ ಸ್ಪೀಕರು ಮುಂಬಯಿಯದ್ದು, ಪೆಟ್ಟಿಗೆ ಇಲ್ಲಿಯ ಆಚಾರಿ ತೆಳ್ಳಗಿನ ಹಲಸಿನ ಹಲಗೆಯಲ್ಲಿ ಮಾಡಿದ್ದು. ನೋಡಲು ಬಹಳ ಚಂದ, ಬಂಗಾರದ ಬಣ್ಣ.

ನನ್ನ ಕಿವಿಯ ಮೇಲೆ ನನಗೆ ನಂಬಿಕೆಯಿರಲಿಲ್ಲ. ಹುಟ್ಟಿದಂದಿನಿಂದ ಸಮುದ್ರದ ಅಬ್ಬರ ಕೇಳಿದ ಕಿವಿ ಅದು. ಕೆಳಗೇ ಇಂಥ ಹೆಸರಾಂತ ಕಿವಿಯಿರುವಾಗ ಕೇಳದೆ ಇರುವುದು ಹೇಗೆ? ಪೊರ್ಬುಗಳು ಸಂಜೆ ಕಾರ್ಖಾನೆಯಿಂದ ಬಂದು ಮಿಂದು, ಮುಂಡು ಉಟ್ಟು, ಮೇಲೆ ಬಂದರು. ರೆಕಾರ್ಡು ಹಾಕಲು ಹೋದರೆ ತಡೆದರು.

‘ಹಾಡು ಮತ್ತೆ. ಮೊದಲು ಪೆಟ್ಟಿಗೆ ನೋಡುವ.’

ದೊರೆಯ ಪೆಟ್ಟಿಗೆಗೆ ಗೆಣ್ಣಿನಿಂದ ಬಡಿದರು. ದಬ್ ಎಂದಿತು. ‘ಇಲ್ಲ’ ಎಂದರು. ಹಲಸಿನ ಪೆಟ್ಟಿಗೆಗೆ ಬಡಿದರು. ಅದು ಠಣ್ ಎಂದು ಕೋಣೆ ತುಂಬ ನಾದ ಕೊಟ್ಟಿತು. ಪೊರ್ಬುಗಳ ಮುಖ ಅರಳಿತು. ‘ಉಂಟು, ಮಾಸ್ಟ್ರೇ! ಇದಕ್ಕೆ ಜೀವ ಉಂಟು!’

ನಾನು ಮಾಸಪತ್ರಿಕೆ ತೆಗೆದು ತೋರಿಸಿದೆ. ‘ಪೊರ್ಬುಗಳೇ, ಇದು ಹಂಚು ಅಲ್ಲ. ಸ್ಪೀಕರಿನ ಪೆಟ್ಟಿಗೆ ನಾದ ಕೊಡ್ಲಿಕ್ಕೆ ಆಗುದಿಲ್ಲ. ಸುಮ್ಮನೆ ಇರ್ಬೇಕು. ಪೆಟ್ಟಿಗೆಯೂ ಹಾಡಿದ್ರೆ ಹಾಡು ಹಾಳಾಗ್ತದೆ ಅಂತ ಇದರಲ್ಲಿ ಬರ್ದಿದ್ದಾರೆ.’

ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಎಂತ ಮಾರಾಯ್ರೆ ನೀವು ಹೇಳುದು? ಶಬ್ದ ಕೊಡುವ ವಸ್ತು ಶಬ್ದ ಕೊಡ್ಬಾರ್ದಾ? ವೀಣೆ ಯಾವ ಮರದಲ್ಲಿ ಮಾಡ್ತಾರೆ? ಹಲಸಿನ ಮರದಲ್ಲಿ. ಮದ್ದಲೆ? ಅದೂ ಹಲಸಿಂದೇ. ಆ ಪೇಪರಿನವರು ಹಲಸಿನ ಮರ ನೋಡಿದ್ದಾರಾ, ಕೇಳಿ.’

ಅವರು ಮೂವತ್ತು ವರ್ಷ ನಾದ ಕೊಟ್ಟದ್ದನ್ನು ಎತ್ತಿಟ್ಟು, ಕೊಡದ್ದನ್ನು ಎಸೆದವರು. ಲೋಕದಲ್ಲಿ ಬಡಿದರೆ ಸುಮ್ಮನಿರಬೇಕಾದ ವಸ್ತುವೂ ಒಂದಿದೆ ಎಂದು ಅವರನ್ನು ಒಪ್ಪಿಸಲು ನಾನು ಹದಿನೈದು ಸಂಜೆ ಕಳೆದೆ. ಕೈಸನ್ನೆ ಮಾಡಿ ಹೇಳಿದೆ, ಕಾಗದದಲ್ಲಿ ಚಿತ್ರ ಬರೆದು ಹೇಳಿದೆ. ಎಂಟನೆಯ ತರಗತಿಯ ಅತಿ ಹಿಂದಿನ ಬೆಂಚಿನವನಿಗೂ ಇಷ್ಟು ಹೊತ್ತಿಗೆ ತಿಳಿಯುತ್ತಿತ್ತು. ನನ್ನ ಕಿವಿಗೆ ಹಲಸಿನ ಪೆಟ್ಟಿಗೆಯಲ್ಲಿ ಗಂಡಸರ ಧ್ವನಿ ಬಾವಿಯೊಳಗಿಂದ ಬಂದಂತೆ ಗುಂಯ್ ಎನ್ನುತ್ತಿತ್ತು. ದೊರೆಯ ಪೆಟ್ಟಿಗೆಯಲ್ಲಿ ಹಾಡುವವರು ಎದುರಿಗೇ ಕೂತಂತೆ ಇತ್ತು. ಹಾಗೆಂದರೆ ಪೊರ್ಬುಗಳು ‘ಅಭ್ಯಾಸ ಇಲ್ಲ ನಿಮಗೆ, ನೋಡುವ’ ಎನ್ನುತ್ತಿದ್ದರು. ಅವರ ಮಾತು ಕೇಳಿ ಕೇಳಿ ನನ್ನ ಕಿವಿಯ ಮೇಲೆ ನನಗೇ ಸಂಶಯ ಬರತೊಡಗಿತ್ತು.

ಕೊನೆಯ ಸಂಜೆ ಒಂದು ಭಜನೆಯ ರೆಕಾರ್ಡು ಹಾಕಿದ್ದೆ, ದೊರೆಯ ಪೆಟ್ಟಿಗೆಯಲ್ಲಿ. ಅದರ ಕೊನೆಗೆ ಹಾಡು ನಿಂತು, ವಾದ್ಯಗಳು ನಿಂತು, ಪುಟ್ಟ ತಾಳವೊಂದೇ ಕಿಣಿಕಿಣಿ ಎಂದು ಸ್ವಲ್ಪ ಹೊತ್ತು ನಡೆಯುತ್ತದೆ. ನನಗೆ ಬಹಳ ಇಷ್ಟದ ಜಾಗ. ಹಾಡು ನಿಂತದ್ದೇ ಪೊರ್ಬುಗಳು ಮುಂಡು ಕೊಡವಿ ಎದ್ದರು.

‘ಮುಗೀತಲ್ಲ, ತೆಗೀರಿ ಮಾಸ್ಟ್ರೇ. ಸುಮ್ಮನೆ ಮುಳ್ಳು ಸವೀತದೆ.’

ತಾಳ ಇನ್ನೂ ನಡೆಯುತ್ತಿತ್ತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೂ ಕೇಳುತ್ತಿತ್ತು. ಹದಿನೈದು ದಿನದ ಸಿಟ್ಟು ಒಟ್ಟಿಗೇ ನನ್ನ ನೆತ್ತಿಗೇರಿತು. ಆಲೋಚನೆ ಎಂಬುದು ಬರುವ ಮೊದಲೇ ಬಾಯಿ ಬಂತು.

‘ಮುಗೀಲಿಲ್ಲ ಪೊರ್ಬುಗಳೇ! ತಾಳ ಬಡೀತಾ ಉಂಟು! ನಿಮಗೆ ಕಿವಿ ಕೇಳುದಿಲ್ಲ, ಗೊತ್ತುಂಟಾ? ಕಿವಿ ಕೇಳದವರ ಮಾತು ಕಟ್ಟಿಕೊಂಡು ಹದಿನೈದು ದಿನದಿಂದ ನಾನು ಪೆಟ್ಟಿಗೆ ಆರಿಸ್ತಾ ಇದ್ದೇನೆ!’

ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಪೊರ್ಬುಗಳು ಪೆಟ್ಟಿಗೆಯ ಕಡೆ ತಿರುಗಿದರು.

‘ಈಗ್ಲೂ ಬಡೀತಾ ಉಂಟಾ?’

‘ಉಂಟು.’

ಅವರು ಬಗ್ಗಿ ಪೆಟ್ಟಿಗೆಯ ಬಾಯಿಗೆ ಕಿವಿ ಇಟ್ಟರು. ಬಹಳ ಹೊತ್ತು ಹಾಗೇ ಇದ್ದರು. ತಾಳ ನಿಂತದ್ದು ಅವರಿಗೆ ಗೊತ್ತಾದದ್ದು ನಾನು ಮುಳ್ಳು ಎತ್ತಿದ ಮೇಲೆಯೇ. ‘ಹೌದಾ’ ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು.

‘ನಿಮ್ಮ ನಾಲಗೆಗೆ ಎಲುಬು ಇಲ್ಲ’ ಎಂದು ಹೆಂಡತಿ ಒಳಗೆ ಹೋದಳು. ಆ ದಿನ ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ.

ಮರುದಿನ ಸ್ಕೂಲಿಗೆ ಹೊರಡುವ ಮುಂಚೆ ನಾನು ಹೆಂಡತಿಗೆ ಹೇಳಿದ್ದು ಇಷ್ಟೇ: ಅಂಗಡಿಯವರು ಬರುತ್ತಾರೆ, ದೊರೆಯದ್ದು ಇಟ್ಟುಕೊಂಡು ಹಲಸಿನದ್ದು ಕೊಟ್ಟುಬಿಡು. ಸಂಜೆ ಬಂದು ನೋಡುತ್ತೇನೆ, ಕಪಾಟಿನ ಖಾನೆಯಲ್ಲಿ ಹಲಸಿನ ಪೆಟ್ಟಿಗೆಗಳು ಬಂಗಾರದ ಹಾಗೆ ಹೊಳೆಯುತ್ತಿವೆ!

‘ಇದೇನು?’

‘ಪಾಪ, ಅವರು ಅಷ್ಟು ಮೆಚ್ಚಿದ್ದು. ಅದನ್ನೂ ವಾಪಸು ಕೊಟ್ಟರೆ ಆ ಮನುಷ್ಯ ಬದುಕ್ತಾರಾ? ಅದೂ ಅಲ್ಲದೆ ನಿಮ್ಮ ದೊರೆಯದ್ದು ಒಂದು ಅಂಗುಲ ಮುಂದೆ ಬರ್ತದೆ.’

ನಾನು ಹಂಪನಕಟ್ಟೆಗೆ ಓಡಿದೆ. ದೊರೆಯ ಪೆಟ್ಟಿಗೆ ಆಗಲೇ ಬೇರೆಯವರ ಮನೆ ಸೇರಿತ್ತು. ಹೀಗೆ, ಪತ್ರಿಕೆ ಓದಿ, ಕಿವಿ ತಿದ್ದಿ, ಹದಿನೈದು ದಿನ ಪರೀಕ್ಷೆ ಮಾಡಿದ ಮೇಲೆ ನನಗೆ ದಕ್ಕಿದ್ದು ನಾನು ಬೇಡವೆಂದ ಸ್ಪೀಕರು. ಲೋಕದಲ್ಲಿ ಯಾವ ಹೈ-ಫೈ ಪ್ರೇಮಿಯೂ ಹೀಗೆ ಆರಿಸಿರಲಾರ.

ಮೂರು ದಿನ ಕೆಳಗಿನಿಂದ ಬಡಿಯುವ ಶಬ್ದ ಕೇಳಲಿಲ್ಲ. ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ನಾಲ್ಕನೆಯ ದಿನ ಬಾಯಮ್ಮ ಮೇಲೆ ಬಂದರು.

‘ಮಾಸ್ಟ್ರೇ, ನೀವು ಅವರಿಗೆ ಎಂತ ಹೇಳಿದ್ದು? ಕೆಲಸಕ್ಕೆ ಹೋಗುದಿಲ್ಲ. ಸಮ ಊಟ ಇಲ್ಲ. ಮೊನ್ನೆಯಿಂದ ಎದುರು ಮನೆಯ ಹಂಚಿನ ಮಾಡು ನೋಡ್ತಾ ಕೂತಿದ್ದಾರೆ. ನಾನು ಪಾಸು ಮಾಡಿದ ಹಂಚು ಎಷ್ಟು ಜನರ ತಲೆ ಮೇಲೆ ಉಂಟೋ ಅಂತ ಕೇಳ್ತಾರೆ. ನಾನು ಎಂತ ಹೇಳ್ಲಿ?’

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಾನು ಆಡಿದ್ದು ಒಂದು ಜೋಡಿ ಸ್ಪೀಕರಿನ ಮಾತು. ಅದು ತಗಲಿದ್ದು ಅವರ ಮೂವತ್ತು ವರ್ಷದ ಕೆಲಸಕ್ಕೆ. ಮಾತು ಕೇಳುವ ಕಿವಿಗೆ ತಾಳದ ಕಿಣಿಕಿಣಿ ಕೇಳದಿದ್ದರೆ ಹಂಚಿನ ಠಣ್ ಕೂಡ ಕೇಳಲಿಕ್ಕಿಲ್ಲವಲ್ಲ. ಕಿವಿ ಯಾವಾಗ ಹೋಯಿತು, ಹೋದ ಮೇಲೆ ಎಷ್ಟು ಬಿರುಕಿನ ಹಂಚು ತಮ್ಮ ಕೈದಾಟಿ ಹೋಯಿತು, ಶಾಲೆಗೆಷ್ಟು, ಇಗರ್ಜಿಗೆಷ್ಟು ಎಂದು ಆ ಮನುಷ್ಯ ಕೂತು ಕೊರಗುತ್ತಿದ್ದರು. ನಾನು ಕೆಳಗೆ ಹೋಗಿ ಏನೋ ತೊದಲಿದೆ. ‘ನೋಡುವ’ ಎಂದರು. ಜೀವಮಾನದಲ್ಲಿ ಮೊದಲ ಸಲ ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರು ನೇರ ಮೆಟ್ಟಿಲ ಬುಡಕ್ಕೆ ನನ್ನನ್ನು ಕರೆದರು. ಒಂದು ಗೋಣಿಯಲ್ಲಿ ಹತ್ತು ಹಂಚು ತರಿಸಿದ್ದರು. ಕೆಲವು ಒಳ್ಳೆಯವು, ಕೆಲವು ಕಾಣದ ಬಿರುಕಿನವು. ಯಾವುದು ಯಾವುದು ಎಂದು ಕಾರ್ಖಾನೆಯ ಗೆಳೆಯರೊಬ್ಬರು ಅಡಿಯಲ್ಲಿ ಮಸಿಯಿಂದ ಗುರುತು ಮಾಡಿದ್ದರಂತೆ.

‘ನಾನು ಗೋಡೆ ನೋಡಿ ನಿಲ್ತೇನೆ. ನೀವು ಬಡೀರಿ. ನಾನು ಹೇಳ್ತೇನೆ. ಸುಳ್ಳು ಹೇಳ್ಲಿಕ್ಕೆ ಇಲ್ಲ, ಮಾಸ್ಟ್ರೇ. ನೀವು ವಿಜ್ಞಾನದವರು.’

ನಾನು ಬಡಿದೆ, ಅವರು ಹೇಳಿದರು. ಹತ್ತರಲ್ಲಿ ಐದು ತಪ್ಪು. ಬಾಯಿಗೆ ಬಂದದ್ದು ಹೇಳಿದರೂ ಅಷ್ಟು ಸರಿಯಾಗುತ್ತದೆ. ಸುಳ್ಳು ಹೇಳಲು ನನ್ನ ಬಾಯಿ ತುರಿಸಿತು. ಆದರೆ ಬಾಯಮ್ಮ ಮಸಿಯ ಗುರುತು ನೋಡುತ್ತ ಪಕ್ಕದಲ್ಲೇ ನಿಂತಿದ್ದರು. ನಾನು ಐದು ಎಂದೆ.

ಅವರು ತಿರುಗಿ ಬಂದು ನೆಲದಲ್ಲಿ ಕೂತರು. ರೂಢಿಯ ಮೇಲೆ ಒಂದು ಹಂಚು ಎತ್ತಿ ತಾವೇ ಬಡಿದರು. ‘ಇದು ಬಿರುಕು’ ಎಂದರು. ಹೌದು. ಇನ್ನೊಂದು ಎತ್ತಿದರು. ‘ಇದು ಒಳ್ಳೇದು.’ ಹೌದು. ಹತ್ತಕ್ಕೆ ಹತ್ತು! ಬಾಯಮ್ಮ ಹತ್ತಿ ತಂದು ಅವರ ಎರಡೂ ಕಿವಿಗೆ ತುಂಬಿದರು, ಕಣ್ಣಿಗೆ ಟವೆಲು ಕಟ್ಟಿದರು. ನಾನು ಹಂಚುಗಳನ್ನು ಅದಲುಬದಲು ಮಾಡಿಟ್ಟೆ. ಪುನಃ ಹತ್ತಕ್ಕೆ ಹತ್ತು.

ಟವೆಲು ಬಿಚ್ಚಿ ಅವರು ತಮ್ಮ ಗೆಣ್ಣನ್ನು ಯಾರದೋ ಗೆಣ್ಣಿನ ಹಾಗೆ ನೋಡಿಕೊಂಡರು. ‘ಹಾಗಾದ್ರೆ ಇಷ್ಟು ವರ್ಷ ಕೆಲಸ ಮಾಡಿದ್ದು ಬೆರಳು. ಹೆಸರು ಬಂದದ್ದು ಕಿವಿಗೆ’ ಎಂದರು.

‘ಮತ್ತೆಂತ ಬೇಕು? ಒಂದು ಹಂಚೂ ತಪ್ಪಿ ಹೋಗ್ಲಿಲ್ಲ. ನಾಳೆ ಸುಮ್ಮನೆ ಕೆಲಸಕ್ಕೆ ಹೋಗಿ’ ಎಂದೆ ನಾನು, ಖುಷಿಯಲ್ಲಿ.

‘ಹೋಗ್ತೇನೆ. ಮ್ಯಾನೇಜರಿಗೆ ಹೇಳ್ತೇನೆ, ನನಗೆ ಕೇಳುದಿಲ್ಲ ಅಂತ.’

ನಾನು ತಲೆ ಚಚ್ಚಿಕೊಂಡೆ. ‘ಯಾಕೆ ಮಾರಾಯ್ರೆ? ಯಾರು ಕೇಳಿದ್ದು? ಬೆರಳು ಸರಿ ಉಂಟಲ್ಲ?’

‘ಸರಿ ಉಂಟು ಅಂತ ನನಗೆ ಗೊತ್ತುಂಟು. ನಾಳೆ ಬೇರೆ ಯಾರೋ ಹೇಳಿದ್ರೆ ಕಾರ್ಖಾನೆಯ ಹೆಸರು ಹೋಗ್ತದೆ. ನಾನೇ ಹೇಳಿದ್ರೆ ನನ್ನದು ಮಾತ್ರ.’

ಅರ್ಧ ದಿನ ವಾದ ಮಾಡಿದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಒಪ್ಪುತ್ತಿತ್ತು. ಸೋಮವಾರ ಹೋದರು, ಹೇಳಿದರು. ಮ್ಯಾನೇಜರು ಎಲ್ಲರ ಎದುರು ಪರೀಕ್ಷೆ ಮಾಡಿದರಂತೆ. ಕಿವಿ ಮುಚ್ಚಿಕೊಂಡು ಒಂದು ರಾಶಿ ಹಂಚು ಬಡಿದು ಒಂದೂ ತಪ್ಪಲಿಲ್ಲವಂತೆ. ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರಂತೆ. ಆಮೇಲೆ ಮ್ಯಾನೇಜರು ಕೈ ಕುಲುಕಿ, ‘ಆದರೆ ಪೊರ್ಬುಗಳೇ, ಹಿಂದಿನಿಂದ ಹಂಚಿನ ಟ್ರಾಲಿ ಬಂದರೆ ನಿಮಗೆ ಕೇಳುವುದಿಲ್ಲವಲ್ಲ’ ಎಂದು ಗೇಟಿನ ಹತ್ತಿರ ಒಂದು ಸ್ಟೂಲು ಹಾಕಿಸಿ ಕೂರಿಸಿದರು. ಮ್ಯಾನೇಜರು ಹೇಳಿದ್ದು ತಪ್ಪೆಂದು ಹೇಳಲಾರೆ. ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಆ ಎರಡು ವರ್ಷ ಪೊರ್ಬುಗಳು ಹಂಚು ಮುಟ್ಟಲಿಲ್ಲ; ಗೇಟು ತೆರೆದು ಮುಚ್ಚಿದರು.

ಇದಕ್ಕೆಲ್ಲ ಕಾರಣ ನಾನು. ಆ ಸಂಜೆ ನಾನು ಬಾಯಿ ಮುಚ್ಚಿಕೊಂಡು ಮುಳ್ಳು ಎತ್ತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಅವರು ರಾಜನ ಹಾಗೆ ಬಡಿಯುತ್ತಲೇ ನಿವೃತ್ತರಾಗುತ್ತಿದ್ದರು. ಇದು ಅವರಿಗೂ ಗೊತ್ತು. ಆದರೆ ಆ ಮನುಷ್ಯ ಒಂದು ದಿನ, ಒಂದೇ ಒಂದು ದಿನ ನನಗೆ ಬೈಯಲಿಲ್ಲ. ಮೊದಲಿನ ಹಾಗೇ ‘ಎಂತ ಮಾಸ್ಟ್ರೇ, ಕಾಫಿ ಆಯ್ತಾ?’ ಅವರ ಬೇರೆಲ್ಲ ಉಪದ್ರಗಳನ್ನು ನಾನು ಮರೆತೇನು, ಇದೊಂದನ್ನು ಮರೆಯಲಾರೆ. ಬಾಯಿತುಂಬ ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತಲ್ಲ!

ಕ್ಷಮೆ ಕೇಳೋಣವೆಂದು ಹೊರಟೆ. ಅಷ್ಟು ಹೊತ್ತಿಗೆ ಕಿವಿ ಇನ್ನೂ ಮಂದವಾಗಿ, ಕೂಗಿ ಹೇಳಬೇಕಾಗಿತ್ತು. ಕ್ಷಮೆಯನ್ನು ಕೂಗಿ ಕೇಳಿ ನೋಡಿ, ಆಗ ಗೊತ್ತಾಗುತ್ತದೆ. ‘ನನ್ನಿಂದ ತಪ್ಪಾಯ್ತು ಪೊರ್ಬುಗಳೇ!’ ಎಂದು ನಾನು ಅಂಗಳದಲ್ಲಿ ಬೊಬ್ಬೆ ಹೊಡೆದರೆ ಎದುರು ಮನೆಯವರು ಯಾರ ಜಗಳ ಎಂದು ಹೊರಗೆ ಬಂದರು. ಪೊರ್ಬುಗಳಿಗೆ ಅರ್ಧ ಮಾತ್ರ ಕೇಳಿತು. ‘ತಪ್ಪು ನಂದೇ, ಮಾಸ್ಟ್ರೇ, ನಾಳೆಯೇ ರಾಟೆಯವನನ್ನು ಕರೆಸ್ತೇನೆ’ ಎಂದು ಒಳಗೆ ಹೋದರು. ಬಾವಿಗೆ ರಾಟೆ ಬಂದದ್ದು ಹಾಗೆ. ಚೀಟಿಯನ್ನೂ ಬರೆದು ನೋಡಿದೆ. ಓದಿದರೆ ರಜೆಯ ಅರ್ಜಿಯ ಹಾಗಿತ್ತು, ಹರಿದು ಹಾಕಿದೆ.

ನಿವೃತ್ತಿಯಾದ ಮೇಲೆ ಅವರು ಸಂಜೆ ಪುನಃ ಮೇಲೆ ಬರತೊಡಗಿದರು. ಏನೂ ಕೇಳದವರಿಗೆ ರೆಕಾರ್ಡು ಹಾಕುವುದೇ? ಆದರೂ ಹಾಕಿದೆ. ಅವರು ಕುರ್ಚಿಯನ್ನು ಕಪಾಟಿನ ಹತ್ತಿರ ಎಳೆದುಕೊಂಡು ಎರಡು ಕೈಗಳನ್ನೂ ಎರಡು ಪೆಟ್ಟಿಗೆಯ ಮೇಲೆ ಚಾಚಿ ಇಟ್ಟು ಕಣ್ಣು ಮುಚ್ಚಿದರು. ಆ ಹಾಳು ಹಲಸಿನ ಪೆಟ್ಟಿಗೆ ಮೈಯೆಲ್ಲ ನಡುಗುತ್ತ ಗುಂಯ್‌ಗುಡುತ್ತಿತ್ತು. ‘ಪಿಟೀಲು ಬಂತು’ ಎಂದರು. ಬಂದಿತ್ತು. ‘ಈಗ ಗಂಡಸು ಹಾಡ್ತಾನೆ’ ಎಂದರು. ಹೌದು. ದೊರೆಯ ಪೆಟ್ಟಿಗೆಯಾಗಿದ್ದರೆ ಅವರ ಕೈಗೆ ಏನೂ ಸಿಗುತ್ತಿರಲಿಲ್ಲ. ಮುಂಬಯಿಯ ಭಾವ ನನಗೆ ಒಳ್ಳೆಯ ಸ್ಪೀಕರು ಕಳಿಸುತ್ತೇನೆಂದು ಎರಡು ಸಲ ಬರೆದ. ಬೇಡವೆಂದು ಬರೆದೆ. ಇಂಥ ಕೆಟ್ಟ ಪೆಟ್ಟಿಗೆಗಳಲ್ಲಿ ಐದು ವರ್ಷ ಸಂಗೀತ ಕೇಳಿದವನು ನಾನು. ನನ್ನ ಸಹನೆಯ ಬಗ್ಗೆಯೂ ಯಾರಾದರೂ ನಾಲ್ಕು ಮಾತು ಬರೆಯಬೇಕು.

ಅವರು ಹಾಸಿಗೆ ಹಿಡಿಯುವುದಕ್ಕೆ ಕೆಲವು ವಾರ ಮೊದಲು, ಸ್ಕೂಲಿನ ಮೈಕು ರಿಪೇರಿಗೆಂದು ನನ್ನ ಮನೆಗೆ ಬಂದಿತ್ತು. ಸರಿಯಾಯಿತೇ ನೋಡೋಣವೆಂದು ಆಂಪ್ಲಿಫಯರಿಗೆ ಸಿಕ್ಕಿಸಿ ಬಾಗಿಲ ಹತ್ತಿರ ನಿಂತಿದ್ದೆ. ಪೊರ್ಬುಗಳು ನನಗೆ ಬೆನ್ನು ಹಾಕಿ, ಪೆಟ್ಟಿಗೆಗಳ ಮೇಲೆ ಕೈಯಿಟ್ಟು, ಹಾಡಿಗೆ ಕಾಯುತ್ತ ಕೂತಿದ್ದರು. ಹಲೋ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

‘ಪೊರ್ಬುಗಳೇ, ಆ ದಿನ ನಾನು ಹಾಗ್ಹೇಳ್ಬಾರ್ದಿತ್ತು. ನಿಮ್ಮ ಕೆಲಸ ನಾನು ಕಳೆದದ್ದು. ತಪ್ಪಾಯ್ತು.’

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪೊರ್ಬುಗಳು ತಿರುಗಲಿಲ್ಲ. ಅಂಗೈಗಳನ್ನು ಇನ್ನಷ್ಟು ಒತ್ತಿ ಹಿಡಿದರು.

‘ಮಾಸ್ಟ್ರೇ, ಇದು ಹಾಡು ಅಲ್ಲ. ಯಾರೋ ಮಾತಾಡುದು. ರೇಡಿಯೋವಾ?’

ನಾನು ಅವರಿಗೆ ಕಾಣುವ ಹಾಗೆ ಹತ್ತಿರ ಹೋಗಿ ಹೌದೆಂದು ತಲೆಯಾಡಿಸಿದೆ.

‘ಎಂತ ಹೇಳಿದ ಅಂತ ಗೊತ್ತಾಗ್ಲಿಲ್ಲ’ ಎಂದರು ಪೊರ್ಬುಗಳು. ‘ಆದರೆ ಪಾಪ, ಅವನಿಗೆ ಹೇಳ್ಲಿಕ್ಕೆ ಬಹಳ ಕಷ್ಟ ಆಗಿದೆ. ಇನ್ನು ಸಾಕು ಅಂತ ಹೇಳಿ ಅವನಿಗೆ.’